ದೀಪಾವಳಿ ಪಿಕ್ಸೆಲ್ ಲೈಟ್ ಮಧ್ಯೆ ಮಧ್ಯೆ ನಿಲ್ಲುತ್ತಿದೆ: ಯಾವ ಯುಎಸ್‌ಬಿ ಲ್ಯಾನ್ ಅಡಾಪ್ಟರ್ ತಗೊಳ್ಳಲಿ?

ವಾಕಡ್_ದೀಪ:
ನಮಸ್ಕಾರ. ಪುಣೆಯ ವಾಕಡ್‌ನಲ್ಲಿ ನಮ್ಮ ಸೊಸೈಟಿಯ ಗೇಟು, ಕ್ಲಬ್‌ಹೌಸ್ ಸೇರಿ 2400 ಡಬ್ಲ್ಯೂಎಸ್2811 ಪಿಕ್ಸೆಲ್ (ಒಂದೊಂದರ ಬಣ್ಣವನ್ನೂ ಬೇರೆಯಾಗಿ ಬದಲಿಸಬಹುದಾದ ಎಲ್‌ಇಡಿ) ಹಾಕಿದ್ದೇವೆ. ಲ್ಯಾಪ್‌ಟಾಪ್‌ನಲ್ಲಿ ಹಾಡಿಗೆ ತಕ್ಕಂತೆ ಲೈಟ್ ಕುಣಿಸುವ ಎಕ್ಸ್‌ಲೈಟ್ಸ್ ಸಾಫ್ಟ್‌ವೇರ್, ಅಲ್ಲಿಂದ ಇ1.31ನಲ್ಲಿ (ನೆಟ್‌ವರ್ಕ್ ಮೇಲೆ ಲೈಟ್ ಡೇಟಾ ಕಳಿಸುವ ವಿಧಾನ) ಪಿಕ್ಸೆಲ್ ಓಡಿಸುವ ಕಂಟ್ರೋಲರ್‌ಗೆ. ಲ್ಯಾಪ್‌ಟಾಪ್‌ಗೆ ಲ್ಯಾನ್ ಪೋರ್ಟ್ ಇಲ್ಲ, ಒಂದು ಹೆಸರಿಲ್ಲದ ಯುಎಸ್‌ಬಿ ಅಡಾಪ್ಟರ್ ಸಿಕ್ಕಿಸಿದ್ದೇನೆ. ಹಾಡು ಸರಿಯಾಗಿ ಓಡುತ್ತೆ, ಲೈಟ್ ಮಾತ್ರ ಗಕ್ಕನೆ ನಿಂತು ಆಮೇಲೆ ಜಿಗಿಯುತ್ತೆ. ಅದೇ ಅಡಾಪ್ಟರ್‌ನಲ್ಲಿ ಯೂಟ್ಯೂಬ್ ಆರಾಮಾಗಿ ಬರುತ್ತೆ. ಗಿಗಾಬಿಟ್‌ದು ತಗೊಂಡರೆ ಸರಿಹೋಗುತ್ತಾ? ವಸುಬಾರಸ್‌ಗೆ (ಇಲ್ಲಿ ದೀಪಾವಳಿಯ ಮೊದಲ ದಿನ) ಶುರು ಮಾಡಬೇಕು.

ಕೋಥ್ರುಡ್_ತಂತಿ:
ಎಲ್ಲ ಸರಗಳೂ ಒಟ್ಟಿಗೆ ನಿಲ್ಲುತ್ತವಾ, ಒಂದೇ ಸರವಾ? ಒಂದೇ ಆದರೆ ಡೇಟಾ ವೈರು, ವೋಲ್ಟೇಜ್ ನೋಡಿ. ಅಡಾಪ್ಟರ್‌ನ ಮೇಲೆ ಸುಮ್ನೆ ಗೂಬೆ ಕೂರಿಸಬೇಡಿ.

ವಾಕಡ್_ದೀಪ:
ಎಲ್ಲವೂ ಒಟ್ಟಿಗೆ ಸರ್.

ಕೋಥ್ರುಡ್_ತಂತಿ:
ಹಾಗಾದರೆ ನೆಟ್‌ವರ್ಕ್‌ದೇ. ಆದರೆ ಸ್ಪೀಡ್ ಕಮ್ಮಿ ಅಂತ ಅಲ್ಲ. ಒಂದು ಯೂನಿವರ್ಸ್‌ಗೆ (ಲೈಟ್ ಡೇಟಾದ ಒಂದು ಕಟ್ಟು) 170 ಪಿಕ್ಸೆಲ್, ನಿಮಗೆ 15 ಯೂನಿವರ್ಸ್ ಬೇಕು. ಸೆಕೆಂಡಿಗೆ 40 ಫ್ರೇಮ್ ಕಳಿಸಿದರೂ ಸುಮಾರು 3.3 ಎಂಬಿಪಿಎಸ್ ಅಷ್ಟೇ. 100 ಎಂಬಿಪಿಎಸ್ ಅಡಾಪ್ಟರ್‌ಗೆ ಅದು ಲೆಕ್ಕಕ್ಕೇ ಇಲ್ಲ.

ಯೂಟ್ಯೂಬ್ ಪರೀಕ್ಷೆ ಇಲ್ಲಿ ನಡೆಯಲ್ಲ. ಅದರಲ್ಲಿ ಪ್ಯಾಕೆಟ್ ಕಳೆದುಹೋದರೆ ಮತ್ತೆ ಕಳಿಸುತ್ತಾರೆ, ಮುಂದಿನ ವಿಡಿಯೋ ಮೊದಲೇ ಬಂದು ಕೂತಿರುತ್ತೆ. ಇ1.31 ಓಡುವುದು ಯುಡಿಪಿಯಲ್ಲಿ, ಅಲ್ಲಿ ಮತ್ತೆ ಕಳಿಸುವ ಮಾತಿಲ್ಲ. ಹೋದ ಪ್ಯಾಕೆಟ್ ಹೋಯ್ತು. ಕಂಟ್ರೋಲರ್ ಹಳೇ ಫ್ರೇಮನ್ನೇ ಹಿಡಿದು ನಿಲ್ಲುತ್ತೆ, ನೀವು ನೋಡುತ್ತಿರುವುದು ಅದನ್ನೇ.

ಡಿವೈಸ್ ಮ್ಯಾನೇಜರ್‌ನಲ್ಲಿ ಅಡಾಪ್ಟರ್ ಹೆಸರು ನೋಡಿ. ಆರ್‌ಡಿ9700 ಅಥವಾ ಡಿಎಂ9601 (ಒಳಗಿನ ಚಿಪ್‌ನ ಹೆಸರು) ಅಂತಿದ್ದರೆ ಪಕ್ಕಕ್ಕಿಡಿ. ಡಬ್ಬಿ ಮೇಲೆ ಯುಎಸ್‌ಬಿ 2.0 ಅಂತ ಇರುತ್ತೆ, ಒಳಗೆ ಎಷ್ಟೋ ಸಲ 12 ಎಂಬಿಪಿಎಸ್‌ನ ಹಳೇ ಯುಎಸ್‌ಬಿ. ನನ್ನ ಆಯ್ಕೆ ರಿಯಲ್‌ಟೆಕ್ ಆರ್‌ಟಿಎಲ್8153 ಚಿಪ್ ಇರುವುದು. ವಿಂಡೋಸ್, ಲಿನಕ್ಸ್ ಎರಡರಲ್ಲೂ ತಕರಾರಿಲ್ಲ. ಏಸಿಕ್ಸ್ ಎಎಕ್ಸ್88179 ಕೂಡ ಆಗುತ್ತೆ, ಡ್ರೈವರ್ ಮಾತ್ರ ಹೊಸದು ಹಾಕಿ. ಪುಣೆಯ ಎಲೆಕ್ಟ್ರಾನಿಕ್ಸ್ ಪೇಟೆ ತಾಪ್ಕೀರ್ ಗಲ್ಲಿಯಲ್ಲಿ ಕೇಳುವಾಗ ಬ್ರ್ಯಾಂಡ್ ಬೇಡ, ಚಿಪ್ ಕೇಳಿ. ಅಂಗಡಿಯವರಿಗೆ ಗೊತ್ತಿಲ್ಲದಿದ್ದರೆ ಅಲ್ಲೇ ಲ್ಯಾಪ್‌ಟಾಪ್‌ಗೆ ಹಾಕಿ ನೋಡಿಬಿಡಿ.

ಖರೀದಿಗೆ ಮುಂಚೆ ಇನ್ನೊಂದು ಕೆಲಸ. ಅಡಾಪ್ಟರ್‌ನ ಪವರ್ ಮ್ಯಾನೇಜ್‌ಮೆಂಟ್‌ನಲ್ಲಿ, ಕರೆಂಟ್ ಉಳಿಸಲು ಇದನ್ನು ಆಫ್ ಮಾಡಬಹುದು ಅನ್ನುವ ಟಿಕ್ ತೆಗೆಯಿರಿ. ಎನರ್ಜಿ ಎಫಿಶಿಯೆಂಟ್ ಈಥರ್ನೆಟ್ ಆಫ್ ಮಾಡಿ. ಆಮೇಲೆ ಕಂಟ್ರೋಲರ್‌ಗೆ ಪಿಂಗ್ (ಉತ್ತರ ಬರುತ್ತಾ ಅಂತ ನೋಡುವ ಕಮಾಂಡ್) ಬಿಟ್ಟು ಒಂದು ಪೂರ್ತಿ ಶೋ ಓಡಿಸಿ. ತಂತಿಯಲ್ಲಿ ಉತ್ತರ ಸಾಮಾನ್ಯವಾಗಿ 1 ಮಿಲಿಸೆಕೆಂಡಿಗಿಂತ ಕಮ್ಮಿ ಸಮಯದಲ್ಲಿ ಬರಬೇಕು. ಮಧ್ಯೆ ಟೈಮ್‌ಔಟ್ ಬಂದರೆ ಮೊದಲು ಕೇಬಲ್ ಬದಲಿಸಿ ನೋಡಿ, ಆಮೇಲೂ ಬಂದರೆ ಅಡಾಪ್ಟರ್.

ಹಿಂಜವಡಿ_ಹುಡುಗ:
ಇಷ್ಟೆಲ್ಲ ಯಾಕೆ, ವೈಫೈನಲ್ಲೇ ಕಳಿಸಬಹುದಲ್ವಾ?

ಕೋಥ್ರುಡ್_ತಂತಿ:
ಬಾಲ್ಕನಿಗೆ ಒಂದು ಸರ ಆದರೆ ಕಳಿಸಿ, ಅದೂ ಯೂನಿಕಾಸ್ಟ್‌ನಲ್ಲಿ (ನೇರ ಒಂದೇ ಐಪಿಗೆ). ಮಲ್ಟಿಕಾಸ್ಟ್ (ಒಂದೇ ಸಲ ಹಲವರಿಗೆ) ಆದರೆ ವೈಫೈ ಅದನ್ನು ನಿಧಾನದ ದರದಲ್ಲಿ ಕಳಿಸುತ್ತೆ, ತಲುಪಿತಾ ಅಂತ ಕೇಳುವುದೂ ಇಲ್ಲ. ಸೊಸೈಟಿಯಲ್ಲಿ ಮನೆಮನೆಗೂ ಒಂದು ರೂಟರ್ ಇರುವಾಗ ಆ ಗೊಡವೆ ಬೇಡ.

ವಾಕಡ್_ದೀಪ:
ಹೆಸರು ಆರ್‌ಡಿ9700 ಅಂತಲೇ ಇತ್ತು! ಟಿಕ್ ತೆಗೆದರೂ ಟೈಮ್‌ಔಟ್ ಬಂತು, ಕೇಬಲ್ ಬದಲಿಸಿದರೂ ಬಂತು. 8153 ತಂದೆ, ಈಗ ಪಿಂಗ್ ಶುದ್ಧ. ಆದರೆ ಎಕ್ಸ್‌ಲೈಟ್ಸ್‌ನಿಂದ ಒಂದು ಲೈಟೂ ಹತ್ತುತ್ತಿಲ್ಲ.

ಕೋಥ್ರುಡ್_ತಂತಿ:
ಮಲ್ಟಿಕಾಸ್ಟ್‌ನಲ್ಲಿ ಇಟ್ಟಿದ್ದೀರಿ ಅನ್ನಿಸುತ್ತೆ. ಡೇಟಾ ಮನೆಯ ವೈಫೈ ಕಡೆ ಹೋಗುತ್ತಿರಬೇಕು. ಯೂನಿಕಾಸ್ಟ್ ಮಾಡಿ, ಕಂಟ್ರೋಲರ್‌ನ ಐಪಿ ಕೊಡಿ. ಎಕ್ಸ್‌ಲೈಟ್ಸ್‌ನ ಫೋರ್ಸ್ ಲೋಕಲ್ ಐಪಿಯಲ್ಲಿ ಹೊಸ ಅಡಾಪ್ಟರ್‌ದು ಆರಿಸಿ. ಅಡಾಪ್ಟರ್‌ಗೆ ಗೇಟ್‌ವೇ ಖಾಲಿ ಬಿಡಿ, ಇಲ್ಲಾಂದ್ರೆ ಇಂಟರ್ನೆಟ್ ಕೈಕೊಡಬಹುದು.

ವಾಕಡ್_ದೀಪ:
ಹತ್ತಿತು ಸರ್! ಅದೇ ಚಿಪ್‌ದು ಇನ್ನೊಂದು ತಂದಿಡಲಾ?

ಕೋಥ್ರುಡ್_ತಂತಿ:
ತಂದಿಡಿ. ಆದರೆ ವಿಂಡೋಸ್ ಅದನ್ನು ಬೇರೆ ಅಡಾಪ್ಟರ್ ಅಂತಲೇ ಎಣಿಸುತ್ತೆ, ಸ್ಟ್ಯಾಟಿಕ್ ಐಪಿ (ಕೈಯಾರೆ ಕೊಡುವ ಕಾಯಂ ವಿಳಾಸ) ಹೊಸದಾಗಿ ಹಾಕಬೇಕು. ಈಗಲೇ ಒಮ್ಮೆ ಸಿಕ್ಕಿಸಿ, ಪವರ್ ಟಿಕ್ ಸಮೇತ ಎಲ್ಲ ಹಾಕಿಟ್ಟುಬಿಡಿ.