ಹತ್ತಿ ತಿರುಳು ಗಂಟು ಕಟ್ಟುತ್ತೆ, ಪಾಲಿಮರ್ ಹಾಕಿದ್ಮೇಲೆ ಇನ್ನೂ ಜಾಸ್ತಿ

ಹತ್ತಿಹಾಳೆ_ದಾವಣಗೆರೆ:
ಬನಿಯನ್ ಕಟಿಂಗ್ ವೇಸ್ಟಿನಿಂದ ಕೈಕಾಗದ ಮಾಡ್ತೀವಿ. ತೊಟ್ಟಿ ಕಲಕಿ ಕೈ ತೆಗೆಯೋದೇ ತಡ, ನಾರೆಲ್ಲ ಗುಂಪು ಕೂಡುತ್ತೆ. ಹಾಳೆ ಬೆಳಕಿಗೆ ಹಿಡಿದರೆ ಒಂದು ಕಡೆ ದಪ್ಪ, ಪಕ್ಕದಲ್ಲೇ ತೂತು ಬೀಳುವಷ್ಟು ತೆಳು. ಅಂಗಡಿಯವರು ಪಾಲಿಅಕ್ರಿಲಮೈಡ್ ಪುಡಿ ಕೊಟ್ಟರು. ಹಾಕಿದ್ಮೇಲೆ ನೀರು ತಿಳಿಯಾಯ್ತು, ಗಂಟು ಹೆಚ್ಚಾಯ್ತು! ಈಗ ಇನ್ನೊಬ್ಬರು ಸಿಎಂಸಿ (ಕಾರ್ಬಾಕ್ಸಿಮೀಥೈಲ್ ಸೆಲ್ಯುಲೋಸ್ ಪುಡಿ) ಹಾಕಿ ಅಂತಾರೆ. ಎರಡೂ ನೀರಲ್ಲಿ ಕರಗೋ ಪಾಲಿಮರೇ ಅಲ್ವಾ ಸರ್?

ವೆಟ್‌ಎಂಡ್_ಹರಿಹರ:
ನೀರು ತಿಳಿಯಾಯ್ತು ಅಂದ್ರಲ್ಲ, ಉತ್ತರ ಅಲ್ಲೇ ಐತೆ. ಚೀಲದ ಮೇಲೆ 'ಕ್ಯಾಟಯಾನಿಕ್' ಅಂತ ಇರಬೇಕು ನೋಡ್ರಿ. ನೀರಲ್ಲಿ ಹತ್ತಿನಾರಿನ ಮೈಗೆ ಮೈನಸ್ ಚಾರ್ಜ್. ಪ್ಲಸ್ ಚಾರ್ಜಿನ ಉದ್ದ ಸರಪಳಿ ಈ ನಾರಿಗೂ ಆ ನಾರಿಗೂ ಅಂಟಿ ಎರಡನ್ನೂ ಕಟ್ಟಿಹಾಕುತ್ತೆ. ಕೊಳಚೆ ನೀರಿಗೆ ಅದು ಸರಿ. ಮಿಲ್ಲಿನಲ್ಲೂ ಸಣ್ಣ ನಾರು ಜಾಲರಿಯಲ್ಲಿ ಸೋರಬಾರದು ಅಂತ ಚೂರೇ ಚೂರು ಹಾಕ್ತಾರೆ. ನಿಮಗೆ ಬೇಡ.

ಸಿಎಂಸಿಯದ್ದೂ ಮೈನಸ್ಸೇ. ಅದು ನೀರನ್ನು ಮಂದ ಮಾಡಿ ನಾರಿನ ಓಡಾಟ ತಗ್ಗಿಸುತ್ತೆ, ಮೈಗೆ ಹತ್ತಿದಷ್ಟು ಉಜ್ಜಾಟ ಕಡಿಮೆ ಮಾಡುತ್ತೆ. ಬಾಗಿ ಸಿಕ್ಕಿಕೊಂಡ ನಾರು ಬಿಡಿಸಿಕೊಳ್ಳದೆ ನಿಲ್ಲೋದೇ ಆ ಉಜ್ಜಾಟದಿಂದ. ಪುಡಿಯನ್ನ ಕಲಕುತ್ತಾ ಉದುರಿಸ್ರಿ, ಒಮ್ಮೆಲೇ ಸುರಿದರೆ ಅದೇ ಉಂಡೆ ಕಟ್ಟುತ್ತೆ. ಪಟಿಕ ಮಾತ್ರ ಅದೇ ತೊಟ್ಟಿಗೆ ಬೇಡ.

ಇದಕ್ಕೂ ಮೊದಲು ಬೀಟರಿನಲ್ಲಿ (ತಿರುಳು ಅರೆಯೋ ಯಂತ್ರ) ನಾರು ಇನ್ನಷ್ಟು ಕತ್ತರಿಸ್ರಿ. 1992ರಲ್ಲಿ ಕೆರೆಕೆಸ್, ಶೆಲ್ ಅನ್ನೋ ಸಂಶೋಧಕರು ನೀರಲ್ಲಿ ನಾರು ಎಷ್ಟು ಇಕ್ಕಟ್ಟಾಗಿದೆ ಅಂತ ಅಳೆಯೋ 'ಕ್ರೌಡಿಂಗ್ ನಂಬರ್' ಲೆಕ್ಕ ಕೊಟ್ಟರು: ಅದೇ ದಪ್ಪದ ನಾರಿನ ಉದ್ದ ಎರಡರಷ್ಟಾದರೆ ಇಕ್ಕಟ್ಟು ನಾಲ್ಕರಷ್ಟು. ಬನಿಯನ್ ನಾರು ಉದ್ದ, ಪಾಲಿಮರ್ ಎಷ್ಟಂತ ಬಿಡಿಸೀತು?

ಆಲೆಮನೆ_ಹುಡುಗ:
ಜಪಾನಿನಲ್ಲಿ ಬೆಂಡೆಯ ನೆಂಟ ಗಿಡದ ಬೇರಿನ ಲೋಳೆ, 'ನೇರಿ', ಹಾಕಿ ನಾರು ಬಿಡಿಸ್ತಾರೆ. ನಮ್ಮ ಆಲೆಮನೆಯಲ್ಲಿ ಬೆಂಡೆ ಲೋಳೆ ಹಾಕೋದು ಕಬ್ಬಿನ ಹಾಲಿನ ಕೊಳೆ ಕೂಡಿ ಮೇಲೆ ಬರಲಿ ಅಂತ. ತದ್ವಿರುದ್ಧ ಆಯ್ತಲ್ಲ ಸರ್?

ವೆಟ್‌ಎಂಡ್_ಹರಿಹರ:
ಒಳ್ಳೆ ಪ್ರಶ್ನೆ ತಮ್ಮಾ. ಕೊಪ್ಪರಿಗೆಯಲ್ಲಿ ಕುದಿ ಐತೆ, ಸುಣ್ಣ ಐತೆ, ಕೊಳೆ ಒಡೆದು ಹೆಪ್ಪಾಗ್ತಿರುತ್ತೆ. ಲೋಳೆ ಅದನ್ನ ಹಿಡಿದು ತೇಲಿಸುತ್ತೆ. ಕಾಗದದ ತೊಟ್ಟಿಯಲ್ಲಿ ತಣ್ಣೀರು, ಲೋಳೆ ನೀರಲ್ಲೇ ಹರಡಿರಬೇಕು. ಕಾದರೆ ನೇರಿಯ ಮಂದ ಹೋಗುತ್ತೆ, ಅದಕ್ಕೇ ಅಲ್ಲಿ ಚಳಿಗಾಲದಲ್ಲಿ ಹಾಳೆ ಎತ್ತೋದು.

ಹತ್ತಿಹಾಳೆ_ದಾವಣಗೆರೆ:
ಸಿಎಂಸಿ ಹಾಕಿದರೆ ನೀರು ಬಸಿಯೋದು ನಿಧಾನ ಆಗಲ್ವಾ?

ವೆಟ್‌ಎಂಡ್_ಹರಿಹರ:
ಆಗುತ್ತೆ. ಚೌಕಟ್ಟು ಅಲ್ಲಾಡಿಸೋಕೆ ಸಿಗೋ ಹೊತ್ತೂ ಅದೇ. ಪೂರ್ತಿ ನಿಂತರೆ ಮಾತ್ರ ಸಿಎಂಸಿ ಇಳಿಸ್ರಿ.