ಅಪ್‌ಡೇಟ್: ರಾತ್ರಿ ಸರ್ವರ್ ನಿಧಾನವಾಗ್ತಿದ್ದದ್ದಕ್ಕೆ ಕಾರಣ ಸಿಕ್ಕಿತು

ಲಿನಕ್ಸ್‌ನಲ್ಲಿ ಸಿಪಿಯು, ಡಿಸ್ಕ್ ಬಳಕೆಯ ಲೆಕ್ಕ ಇಡುವ ‘ಸಾರ್’ (sar) ಅನ್ನೋ ಟೂಲ್ ದಾಖಲಿಸಿಟ್ಟ ಲಾಗ್‌ನಿಂದ ರಾತ್ರಿ 2ರಿಂದ 3 ಗಂಟೆವರೆಗಿನ ಸರಾಸರಿ ಮಾತ್ರ ತೆಗೆಯೋದು ಹೇಗೆ ಅಂತ ಕೇಳಿದ್ದೆ. ನೀವು ಹೇಳಿದ ಹಾಗೆ ಸಾರ್ ಕಮಾಂಡ್‌ನಲ್ಲಿ ‘-ಎಫ್’ಗೆ ಆ ದಿನದ ಫೈಲ್ ಕೊಟ್ಟು, ‘-ಎಸ್’ಗೆ ಶುರುವಿನ ಸಮಯ, ‘-ಇ’ಗೆ ಮುಗಿಯುವ ಸಮಯ ಹಾಕಿದೆ. ಕೊನೆಯ ‘ಆವರೇಜ್’ ಸಾಲು ನೋಡಿ ದಂಗಾದೆ. ಇಡೀ ದಿನದ ಲೆಕ್ಕದಲ್ಲಿ ಬರೀ 3% ಇದ್ದ ಐಒವೇಟ್, ಆ ಒಂದು ಗಂಟೆಯಲ್ಲಿ 38%! ಅಂದರೆ ಅಷ್ಟು ಪಾಲು ಸಮಯ ಸಿಪಿಯು ಬೇರೆ ಕೆಲಸವಿಲ್ಲದೆ ಡಿಸ್ಕ್‌ಗಾಗಿ ಕಾಯ್ತಾ ಕೂತಿತ್ತು. ನಿಗದಿತ ಸಮಯಕ್ಕೆ ತಾನಾಗೇ ನಡೆಯೋ ಕೆಲಸಗಳ ಪಟ್ಟಿಯಾದ ಕ್ರಾನ್‌ಟ್ಯಾಬ್ ತೆಗೆದು ನೋಡಿದರೆ ಬ್ಯಾಕಪ್, ಡೇಟಾಬೇಸ್ ಡಂಪ್ (ಡೇಟಾಬೇಸನ್ನು ಫೈಲ್‌ಗೆ ನಕಲು ಮಾಡೋದು) ಎರಡೂ ಸರಿಯಾಗಿ 2 ಗಂಟೆಗೇ.

ಡಂಪನ್ನು 4ಕ್ಕೆ ಸರಿಸಿದೆ. ಮೂರು ರಾತ್ರಿಯಿಂದ ಐಒವೇಟ್ 6% ದಾಟಿಲ್ಲ. ಸಾರ್ 10 ನಿಮಿಷಕ್ಕೊಮ್ಮೆ ಅಳೆದರೆ ಗಂಟೆಗೆ ಆರೇ ಸಾಲು ಸಿಗುತ್ತೆ, ಅದಕ್ಕೆ ಈಗ 2 ನಿಮಿಷಕ್ಕೆ ಇಳಿಸಿದ್ದೀನಿ. ದಾರಿ ತೋರಿಸಿದ ಎಲ್ಲರಿಗೂ ತುಂಬಾ ಧನ್ಯವಾದ.