ರಾಕ್‌ಡೋಸ್ (ಕೆಂಪು-ಕಪ್ಪು) ಡೆಕ್‌ನಲ್ಲಿ ಚೇನ್‌ವರ್ಲರ್ ಕೈಯಲ್ಲೇ ಉಳಿಯುತ್ತಿದೆ, ಇನ್ನೊಂದು ಲ್ಯಾಂಡ್ ಹಾಕಲಾ?

ಕೆಂಪುಗುಡ್ಡ:
ಮ್ಯಾಜಿಕ್ ಕಾರ್ಡ್ ಆಟದ ಪಯೋನಿಯರ್ ಮಾದರಿಗೆ ಕೆಂಪು-ಕಪ್ಪು ಡೆಕ್ ಕಟ್ಟಿದ್ದೇನೆ. 60 ಕಾರ್ಡ್, ಅದರಲ್ಲಿ 24 ಲ್ಯಾಂಡ್ (ಬೇರೆ ಕಾರ್ಡ್ ಆಡೋಕೆ ಬೇಕಾದ ಬಣ್ಣದ ಶಕ್ತಿ ಕೊಡುವ ಕಾರ್ಡ್). ಬ್ಲಡ್ ಕ್ರಿಪ್ಟ್, ಬ್ಲ್ಯಾಕ್‌ಕ್ಲೀವ್ ಕ್ಲಿಫ್ಸ್, ಬ್ಲೈಟ್‌ಸ್ಟೆಪ್ ಪಾಥ್‌ವೇ ತಲಾ 4 (ಇವು ಎರಡೂ ಬಣ್ಣದವು), ಮೌಂಟನ್ 6 (ಕೆಂಪು), ಸ್ವಾಂಪ್ 4 (ಕಪ್ಪು), ಫೀಲ್ಡ್ ಆಫ್ ರೂಯಿನ್ 2. ಮೊದಲ ಟರ್ನ್‌ಗೆ ಥಾಟ್‌ಸೀಜ್ (ಒಂದು ಕಪ್ಪು ಬೇಕು), ಮೂರಕ್ಕೆ ಗಾಬ್ಲಿನ್ ಚೇನ್‌ವರ್ಲರ್ (ಮೂರೂ ಕೆಂಪೇ ಬೇಕು), ನಾಲ್ಕಕ್ಕೆ ಶಿಯೋಲ್ಡ್ರೆಡ್ (ನಾಲ್ಕರಲ್ಲಿ ಎರಡು ಕಪ್ಪು ಬೇಕು) ಅನ್ನೋದು ಲೆಕ್ಕ. ಆದರೆ ಮೂರು ಲ್ಯಾಂಡ್ ಬಂದರೂ ಅದರಲ್ಲೊಂದು ಸ್ವಾಂಪ್ ಇದ್ದೇ ಇರುತ್ತದೆ, ಚೇನ್‌ವರ್ಲರ್ ಕೈಯಲ್ಲೇ ಉಳಿಯುತ್ತದೆ. ಅರೀನಾದಲ್ಲಿ (ಮ್ಯಾಜಿಕ್‌ನ ಆನ್‌ಲೈನ್ ಆವೃತ್ತಿ) ಒಂದೇ ಗೇಮ್‌ನ ಪಂದ್ಯ ಆಡುವಾಗ ಇಷ್ಟು ಕಷ್ಟ ಆಗಲ್ಲ, ಅಂಗಡಿ ಟೂರ್ನಮೆಂಟ್‌ಗೆ ಹೋದರೆ ಜಾಸ್ತಿ. ಲ್ಯಾಂಡ್ 25 ಮಾಡಲಾ?

ಲೆಕ್ಕದಮನೆ:
25 ಮಾಡಿದರೆ ಏನೂ ಬದಲಾಗಲ್ಲ, ನಿಮಗೆ ಲ್ಯಾಂಡ್ ಕಡಿಮೆ ಬಿದ್ದಿಲ್ಲ, ಬಣ್ಣ ಕಡಿಮೆ ಬಿದ್ದಿದೆ. ಎಣಿಸಿ ನೋಡಿ: ಕೆಂಪು ಕೊಡುವವು 18, ಕಪ್ಪು ಕೊಡುವವು 16. ಮ್ಯಾಜಿಕ್‌ನ ಗಣಿತ ಬರೆಯುವ ಆಟಗಾರ ಫ್ರಾಂಕ್ ಕಾರ್ಸ್ಟೆನ್ 2022ರಲ್ಲಿ ಪರಿಷ್ಕರಿಸಿದ ಲೆಕ್ಕದ ಪ್ರಕಾರ, ನೂರಕ್ಕೆ 90ರ ಆಸುಪಾಸು ಸಲ ಮೂರನೇ ಟರ್ನ್‌ಗೆ ಮೂರು ಕೆಂಪು ಬೇಕೆಂದರೆ 60 ಕಾರ್ಡ್‌ನಲ್ಲಿ 23 ಕೆಂಪು ಮೂಲ (ಕೆಂಪು ಕೊಡುವ ಕಾರ್ಡ್) ಇರಬೇಕು. ಫೀಲ್ಡ್ ಆಫ್ ರೂಯಿನ್ ಎರಡಕ್ಕೂ ಬಣ್ಣವೇ ಇಲ್ಲ. ಉಳಿದ 22 ಪೂರ್ತಿ ಕೆಂಪಾದರೂ ಮುಟ್ಟಲ್ಲ! ಥಾಟ್‌ಸೀಜ್‌ಗೆ 14 ಕಪ್ಪು, ಶಿಯೋಲ್ಡ್ರೆಡ್‌ಗೆ 16 ಕಪ್ಪು ಸಾಕು, ಅದು ನಿಮ್ಮಲ್ಲಿ ಸರಿಯಾಗಿದೆ. ಹಾಗಾಗಿ ತೆಗೆಯಬೇಕಾದದ್ದು ಚೇನ್‌ವರ್ಲರ್. ಅದರ ಜಾಗಕ್ಕೆ ಬೋನ್‌ಕ್ರಷರ್ ಜೈಂಟ್ ಹಾಕಿ, ಒಂದೇ ಕೆಂಪು ಕೇಳುತ್ತದೆ, 12 ಮೂಲ ಇದ್ದರೆ ಆಯಿತು.

ಅರೀನಾ ವಿಷಯಕ್ಕೆ ಬಂದರೆ, ಒಂದೇ ಗೇಮ್‌ನ ಪಂದ್ಯದಲ್ಲಿ ಅದು ಮೊದಲ ಕೈಯನ್ನು ಒಂದಕ್ಕಿಂತ ಹೆಚ್ಚು ಸಲ ಹಂಚಿ ನೋಡಿ, ಡೆಕ್‌ನ ಲ್ಯಾಂಡ್ ಪ್ರಮಾಣಕ್ಕೆ ಹತ್ತಿರ ಇರೋದನ್ನು ಕೊಡುತ್ತದೆ. ಮೇಜಿನ ಮೇಲೆ ಆ ಅನುಕೂಲ ಇಲ್ಲ. ಅಲ್ಲಿ ಚೆನ್ನಾಗಿ ಓಡಿತು ಅಂತ ಲ್ಯಾಂಡ್ ಲೆಕ್ಕ ಸರಿಯಿದೆ ಅಂದುಕೊಳ್ಳಬೇಡಿ.

ನಾಲ್ಕನೇಟರ್ನ್:
ಒಪ್ಪುತ್ತೇನೆ, ಆದರೆ ಪಾಥ್‌ವೇಯನ್ನು ಎರಡೂ ಕಡೆ ಪೂರ್ತಿ ಎಣಿಸೋದು ಸ್ವಲ್ಪ ಧಾರಾಳ ಆಯಿತು. ಒಂದು ಮುಖ ಇಟ್ಟ ಮೇಲೆ ಇನ್ನೊಂದು ಬಣ್ಣ ಹೋಯಿತು. ಕ್ಲಿಫ್ಸ್ ನಾಲ್ಕನೇ ಲ್ಯಾಂಡ್ ಆಗಿ ಬಂದರೆ ಟ್ಯಾಪ್ ಆಗಿಯೇ (ಆ ಟರ್ನ್‌ನಲ್ಲಿ ಬಳಸೋಕೆ ಆಗದಂತೆ) ಇಳಿಯುತ್ತದೆ, ಶಿಯೋಲ್ಡ್ರೆಡ್ ಒಂದು ಟರ್ನ್ ಹಿಂದೆ. ಫೀಲ್ಡ್ ಎರಡನ್ನೂ, ಒಂದು ಮೌಂಟನ್ ಅನ್ನೂ ತೆಗೆದು ಎರಡೂ ಬಣ್ಣ ಕೊಡುವ ಸಲ್ಫ್ಯೂರಸ್ ಸ್ಪ್ರಿಂಗ್ಸ್ 3 ಹಾಕಿ. ಕೆಂಪು 20, ಕಪ್ಪು 19 ಆಗುತ್ತದೆ. ಸ್ಪ್ರಿಂಗ್ಸ್‌ನಿಂದ ಬಣ್ಣ ತೆಗೆದಾಗಲೆಲ್ಲ 1 ಡ್ಯಾಮೇಜ್ ತಿನ್ನಬೇಕು, ಥಾಟ್‌ಸೀಜ್‌ಗೆ 2 ಲೈಫ್, ಬ್ಲಡ್ ಕ್ರಿಪ್ಟ್ ಟ್ಯಾಪ್ ಆಗದೆ ಇಳಿಸೋಕೆ ಇನ್ನೆರಡು, ಎದುರಿಗೆ ವೇಗದ ಕೆಂಪು ಡೆಕ್ ಇದ್ದರೆ ನೋವಾಗುತ್ತದೆ, ಆದ್ದರಿಂದ ಮೂರಕ್ಕಿಂತ ಜಾಸ್ತಿ ಬೇಡ.

ಬರೀಮೌಂಟನ್:
ಚೇನ್‌ವರ್ಲರ್ ಬಿಡೋಕೆ ಮನಸ್ಸಿಲ್ಲ ಅಂದ್ರೆ ಕಪ್ಪನ್ನು ಬಿಡಿ. ಎರಡು ದೋಣಿ ಮೇಲೆ ಕಾಲಿಡಬೇಡಿ. ಸುಮ್ನೆ ಕಪ್ಪು ಮೂಲ 10ಕ್ಕೆ ಇಳಿಸಿ ಥಾಟ್‌ಸೀಜ್ ಇಟ್ಟುಕೊಳ್ಳೋದು ಮಾತ್ರ ಬೇಡವೇ ಬೇಡ. 14 ಇದ್ದರೆ ಮೊದಲ 7 ಕಾರ್ಡ್‌ನಲ್ಲಿ ಒಂದಾದರೂ ಸಿಗುವ ಸಾಧ್ಯತೆ ಶೇ 86, 10 ಇದ್ದರೆ ಶೇ 74. ನಾಲ್ಕು ಗೇಮ್‌ಗೆ ಒಂದರಲ್ಲಿ ಮೊದಲ ಟರ್ನ್ ಖಾಲಿ ಹೋದ ಹಾಗೆ, ಅಲ್ವಾ?

ಕೆಂಪುಗುಡ್ಡ:
ಥಾಟ್‌ಸೀಜ್ ಬಿಡಲ್ಲ, ಬೋನ್‌ಕ್ರಷರ್ ಹಾಕುತ್ತೇನೆ. ಸ್ಪ್ರಿಂಗ್ಸ್ 3 ಕೂಡ. ಸೈಡ್‌ಬೋರ್ಡ್‌ನಲ್ಲಿ (ಗೇಮ್‌ಗಳ ಮಧ್ಯೆ ಬದಲಿಸಿಕೊಳ್ಳುವ ಕಾರ್ಡ್‌ಗಳಲ್ಲಿ) ಎರಡು ಕೆಂಪು ಕೇಳುವ ಕಾರ್ಡ್‌ಗಳೂ ಇವೆ, ಅವನ್ನೂ ಇದೇ ಲೆಕ್ಕದಲ್ಲಿ ನೋಡಿ ಇವತ್ತು ರಾತ್ರಿ ಪೂರ್ತಿ ಪಟ್ಟಿ ಇಲ್ಲೇ ಹಾಕುತ್ತೇನೆ.